ಅಪ್ಪನ ಬಲಗಿವಿ

ಹಾಸ್ಟೆಲ್ ರೂಮಿನಿಂದ,
ಮಾರ್ಚ್ ೧೨, ಗುರುವಾರ

ಅಪ್ಪಾ, ನಿಮ್ಮ ಮಗಳು ನಟ್ಟು ಮಾಡುವ ನಮಸ್ಕಾರ.

ಫೋನಿನಲ್ಲಿ ಹೇಳಲು ಹೋದರೆ ನನಗೆ ಅಳು ಬರುತ್ತದೆ, ನೀವು ಗಾಡಿ ಬಂತು ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ, ನಮ್ಮೂರ ಬಸ್ಸಿನ ಡ್ರೈವರ್ ಮಾವನ ಕೈಯಲ್ಲಿ.

ಸೋಮವಾರ ನಮ್ಮ ಕಾಲೇಜಿನ ಆಸ್ಪತ್ರೆಗೆ, ಆಪರೇಷನ್‌ಗೆ ಬರಲ್ಲ ಅಂದಿರಂತೆ. ಕಿವಿ ಹೋದ ಮೆಕ್ಯಾನಿಕ್ ಹತ್ತಿರ ಯಾರು ಗಾಡಿ ಬಿಡ್ತಾರೆ ಅಂತ ಅಮ್ಮನನ್ನು ಕೇಳಿದಿರಂತೆ. ಜೀವ ಹೋದ ಮೆಕ್ಯಾನಿಕ್ ಹತ್ತಿರ ಬಿಡ್ತಾರಾ ಅಂತ ಅಮ್ಮ ತಿರುಗಿ ಕೇಳಿದಳಂತೆ.

ನಿನ್ನೆ ಕಿವಿ ಡಾಕ್ಟರ್ ಮೇಡಂ ಹತ್ತಿರ ಹೋಗಿದ್ದೆ. ಫಸ್ಟ್ ಇಯರ್ ಮೆಡಿಕಲ್ ಅಂದರೆ ಇಲ್ಲಿ ಕಾಲೊರಸಿಗೆ ಸಮ, ಬಾಗಿಲಲ್ಲೇ ನಿಂತಿದ್ದೆ. ಅವರೇ ಕೂರಿಸಿಕೊಂಡು ಸ್ಕ್ಯಾನ್ ತೋರಿಸಿದರು. ಗಡ್ಡೆ ಕಿವಿಯ ಕೊಳವೆಯಲ್ಲೇ ಇದೆ; ಒಳಗಿವಿಗೂ ಮುಖದ ನರಕ್ಕೂ ತಾಗಿಲ್ಲ. ಕೊಳವೆ, ಸುತ್ತಲಿನ ಎಲುಬು, ಕಿವಿತಮಟೆ ಎಲ್ಲವನ್ನೂ ಒಂದೇ ತುಂಡಾಗಿ ತೆಗೆಯುತ್ತಾರೆ. ಬೇಕಾದರೆ ಆಮೇಲೆ ರೇಡಿಯೇಷನ್. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವ ಕ್ಯಾನ್ಸರ್ ಇದು, ಈಗ ತೆಗೆದರೆ ವಾಸಿಯಾಗುವ ಭರವಸೆ ಇದೆ, ಬಿಟ್ಟರೆ ಇಲ್ಲ ಅಂದರು.

ಆಪರೇಷನ್ ಆದಮೇಲೆ ಆ ಕಿವಿಗೆ ಮಾತು ಮಂದವಾಗಿ ಕೇಳುತ್ತದೆ, ಮುಚ್ಚಿಡಲ್ಲ. ಆದರೆ ನೀವು ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್‌ಗೆ ಆನಿಸಿ, ಹಿಡಿಯನ್ನು ಕಿವಿಗೊತ್ತಿ ಅದರ ರೋಗ ಕಂಡುಹಿಡಿಯುತ್ತೀರಲ್ಲ, ಅದು ಆಮೇಲೂ ಆಗುತ್ತದಾ ಅಂತ ಕೇಳಿದೆ. ಮೇಡಂ ನಕ್ಕುಬಿಟ್ಟರು. ಹಣೆಗೆ ಒತ್ತಿಕೊಂಡರೂ ಎಲುಬಿನ ಮೂಲಕ ಸದ್ದು ಒಳಗಿವಿಗೆ ಮುಟ್ಟುತ್ತದಂತೆ. ಎಡಗಿವಿಯಂತೂ ಗುಂಡುಕಲ್ಲಿನ ಹಾಗಿದೆ.

ಇನ್ನು ನನ್ನ ವಿಷಯ. ಕಿವಿಯಿಂದ ರಕ್ತದ ನೀರು ಸೋರ್ತಿದೆ, ನಮ್ಮೂರ ಡಾಕ್ಟರು ಚೂರು ಮಾಂಸ ತೆಗೆದು ಪರೀಕ್ಷೆ ಮಾಡ್ಬೇಕು ಅಂತಾರೆ, ಏನು ಮಾಡ್ಲಿ ಅಂತ ನೀವು ನನ್ನನ್ನು ಕೇಳಿದಾಗ ನಾನು ಕಾಲೇಜು ಸೇರಿ ಆರೇ ವಾರ. ಫಂಗಸ್ ಅಪ್ಪಾ, ಟೆನ್ಷನ್ ಬೇಡ, ಡ್ರಾಪ್ಸ್ ಸಾಕು ಅಂದುಬಿಟ್ಟೆ. ಆಗ ನನಗೆ ಬರುತ್ತಿದ್ದದ್ದು ಮೂಳೆಗಳ ಹೆಸರು ಮಾತ್ರ. ನಿಮ್ಮ ಮುಂದೆ ಡಾಕ್ಟರ್ ಅನ್ನಿಸಿಕೊಳ್ಳುವ ಆಸೆ. ನೀವು ನಾಲ್ಕು ತಿಂಗಳು ಅದನ್ನೇ ನಂಬಿ, ನೋವು ನುಂಗಿ, ಹನಿ ಹಾಕಿಕೊಂಡಿರಿ. ಕ್ಷಮಿಸಿ ಅಂತ ಬರೆದ ಹಾಳೆಗಳನ್ನೆಲ್ಲ ಹರಿದು ಹಾಕಿದೆ, ಯಾವುದೂ ಸಾಲಲಿಲ್ಲ.

ಭಾನುವಾರ ಸಂಜೆ ಬಂದುಬಿಡಿ. ಸೋಮವಾರ ಕ್ಲಾಸಿಗೆ ಚಕ್ಕರ್ ಹೊಡೆದು ವಾರ್ಡಿನಲ್ಲೇ ಇರುತ್ತೇನೆ. ಈ ಸಲ ಸಲಹೆ ಗಿಲಹೆ ಇಲ್ಲ, ಸುಮ್ಮನೆ ಪಕ್ಕದಲ್ಲಿ ಕೂತಿರುತ್ತೇನೆ.

ಇಂತಿ ನಿಮ್ಮ
ನಟ್ಟು

ತಾ.ಕ.: ನಾಲ್ಕು ತಿಂಗಳು ತಡವೇಕೆ ಎಂಬ ಪ್ರಶ್ನೆಗೆ ನೀವು ಕೊಟ್ಟ ಉತ್ತರವನ್ನು ಕೇಸ್ ಶೀಟಿನಲ್ಲಿ ಓದಿದೆ. ಸೋಮಾರಿತನವಂತೆ! ಜ್ವರ ಬಂದರೂ ಗ್ಯಾರೇಜಿನ ಷಟರ್ ಎತ್ತುವವರು ನೀವು. ನಾನು ಮೇಡಂಗೆ ನಿಜ ಹೇಳಿದೆ. ಅವರು ಅದನ್ನು ಹೊಡೆದುಹಾಕಿ ‘ಮಗಳ ಮಾತು ನಂಬಿ’ ಎಂದು ಬರೆದುಕೊಂಡರು. ಒಪ್ಪಿಗೆ ಪತ್ರದಲ್ಲಿ ಹತ್ತಿರದ ಸಂಬಂಧಿಯ ಜಾಗದಲ್ಲಿ ನಾನು ಸಹಿ ಹಾಕಿ ಬಂದಿದ್ದೇನೆ. ಮೇಲಿನ ಗೆರೆ ನಿಮ್ಮದು, ಇನ್ನೂ ಖಾಲಿ ಇದೆ.