ಮೂರು ಮಿಲಿಗ್ರಾಂ ನಂಟು

ಯಾರ್ಕ್‌ಟನ್, ಸಸ್ಕಾಚೆವಾನ್
೧೪ ಸೆಪ್ಟೆಂಬರ್ ೨೦೧೯

ಮುದ್ದು ಮಗಳು ಸಿಗ್ರಿಡ್‌ಗೆ,

ನೀನು ಕ್ಷೇಮವೆಂಬುದು ಅಮ್ಮನಿಗೆ ಬರುವ ನಿನ್ನ ಫೋನಿನಿಂದಲೇ ನನಗೆ ತಿಳಿಯುತ್ತದೆ. ನೀವಿಬ್ಬರೂ ಮಾತಾಡುವಾಗ ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಾ ನಿಂತಿರುತ್ತೇನೆ. ಒಂದೇ ಲೋಟವನ್ನು ಮೂರು ಸಲ. ನಿನ್ನ ಟೊರಾಂಟೊದಿಂದ ನಾನು ವಾಪಸಾದ ಮೇಲೆ ಎರಡು ವರ್ಷ ನಿನಗೆ ಒಂದು ಸಾಲೂ ಬರೆಯಲಿಲ್ಲ. ಕ್ಷಮಿಸು. ಬರೆಯಲು ಕೂತಾಗಲೆಲ್ಲ ಎರಡನೇ ಪುಟಕ್ಕೇ ಸಮೀಕರಣಗಳು ನುಗ್ಗಿಬಿಡುತ್ತಿದ್ದವು, ಹರಿದು ಹಾಕುತ್ತಿದ್ದೆ. ಈ ಕಾಗದದಲ್ಲಿ ಸಮೀಕರಣ ಒಂದೂ ಇಲ್ಲ. ಧೈರ್ಯವಾಗಿ ಓದು.

ಇಲ್ಲಿ ಸುತ್ತಲೂ ಕಟಾವು ನಡೆದಿದೆ, ಕಿಟಕಿ ತೆರೆದರೆ ಧೂಳು. ಅಮ್ಮನ ಮಂಡಿನೋವು ಹಾಗೇ ಇದೆ. ನನಗೆ ಎಪ್ಪತ್ತಮೂರು ತುಂಬಿತು. ಬಹಳ ಸುಸ್ತು ಮಗಳೇ, ಮಲಗಿ ಎದ್ದರೆ ಹೋಗುವ ಸುಸ್ತಲ್ಲ.

"ಅಪ್ಪ ಭೌತವಿಜ್ಞಾನದೋರಿಗೆಲ್ಲ ಕಾಗದ ಬರೆಯೋದು ನಿಲ್ಲಿಸಲಿ, ಆಮೇಲೆ ಮನೆಗೆ ಬರ್ತೀನಿ" ಎಂದು ನೀನು ಹೇಳಿದ್ದನ್ನು ಅಮ್ಮ ಸೋಸಿ, ಸಕ್ಕರೆ ಬೆರೆಸಿ ನನಗೆ ಮುಟ್ಟಿಸಿದ್ದಳು. ನಾನು ನಿಲ್ಲಿಸಲಿಲ್ಲ. ಅದಾದ ಮೇಲೂ ನಲವತ್ತು ಪ್ರೊಫೆಸರುಗಳಿಗೆ ನನ್ನ ಪ್ರಬಂಧ ಕಳಿಸಿದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಾನು. ಈಗ ನಿಲ್ಲಿಸಿದ್ದೇನೆ. ಹೇಗೆಂದು ನನ್ನಿಂದಲೇ ಕೇಳು. ಮುಂದಿನ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರುವುದೋ ಬೇಡವೋ ಆಮೇಲೆ ತೀರ್ಮಾನಿಸು.

ನನ್ನ ವಾದ ನಿನಗೆ ಬಾಯಿಪಾಠ ಎಂದುಕೊಂಡಿದ್ದೆ. ನೀನು ಅದನ್ನು ಒಮ್ಮೆಯೂ ಪೂರ್ತಿ ಓದಿಲ್ಲವೆಂದು ಅಮ್ಮ ಹೇಳಿದಳು. ಹೋಗಲಿ, ಕೊನೆಯ ಸಲ ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಜೊತೆಯಾಗಿ ಹುಟ್ಟಿದ ಎರಡು ಕಣಗಳನ್ನು ಎಷ್ಟು ದೂರ ಒಯ್ದರೂ ಅವುಗಳ ಕ್ವಾಂಟಮ್ ಹೆಣಿಕೆ ಬಿಡುವುದಿಲ್ಲ ಎನ್ನುತ್ತೀರಲ್ಲ ನೀವು ಭೌತವಿಜ್ಞಾನಿಗಳು, ಆ ಹೆಣಿಕೆಗೇ ತೂಕವಿದೆ ಎಂದೆ ನಾನು. ವಸ್ತುವಿನ ದ್ರವ್ಯರಾಶಿ ಎಂದರೆ ಅದಕ್ಕಿರುವ ನಂಟುಗಳ ಒಟ್ಟು ಮೊತ್ತ. ದೂರವಾದಷ್ಟೂ ನಂಟು ಬಿಗಿಯುತ್ತದೆ, ಭಾರ ಹೆಚ್ಚುತ್ತದೆ. ತೋರಿಸಬೇಕಲ್ಲ? ಒಂದು ಸ್ಫಟಿಕವನ್ನು ಎರಡು ಹೋಳು ಮಾಡಿಸಿದೆ. ನನ್ನ ಹೋಳನ್ನು ಪ್ರಯೋಗಾಲಯದಲ್ಲಿ ತೂಗಿಸಿ ಪ್ರಮಾಣಪತ್ರ ಪಡೆದು, ಇನ್ನೊಂದನ್ನು ದೇಶದ ಆಚೆ ತುದಿಯ ಹ್ಯಾಲಿಫ್ಯಾಕ್ಸಿಗೆ, ನಿನ್ನ ಚಿಕ್ಕಪ್ಪ ಆರ್ನೆಗೆ ಅಂಚೆಯಲ್ಲಿ ಕಳಿಸಿದೆ. ಅವನು ಅದನ್ನು ಕಾಲುಚೀಲದೊಳಗೆ ತುರುಕಿ ಬೀರುವಿನಲ್ಲಿಟ್ಟ. ಅದು ಹೋದ ಮೇಲೆ, ನಮ್ಮ ನೆಲಮಾಳಿಗೆಯ ತಕ್ಕಡಿಯಲ್ಲಿ ನನ್ನ ಹೋಳು ಪ್ರಮಾಣಪತ್ರದಲ್ಲಿದ್ದುದಕ್ಕಿಂತ ಮೂರು ಮಿಲಿಗ್ರಾಂ ಹೆಚ್ಚು ತೂಗಿತು. ಹನ್ನೊಂದು ವರ್ಷ ತಿಂಗಳು ತಿಂಗಳೂ ತೂಗಿದೆ. ಅದೇ ಮೂರು ಮಿಲಿಗ್ರಾಂ. ಆ ಸಂತೋಷವನ್ನು ನಿನಗೆ ಹೇಗೆ ಹೇಳಲಿ! ತಕ್ಕಡಿ ತಪಾಸಣೆಗೆಂದು ಹಿಟ್ಟಿನಂಗಡಿ, ಔಷಧದಂಗಡಿ ಅಲೆದು ಸವೆದವನಿಗೆ ಜಗತ್ತು ಒಂದು ಗುಟ್ಟು ಹೇಳಿತ್ತು.

ಕಳೆದ ತಿಂಗಳು ಓರೆಸ್ಟ್ ಕುಜಿಕ್ ಬಂದಿದ್ದ. ತನ್ನ ಔಷಧದಂಗಡಿ ಮುಚ್ಚಿದಾಗ ನನಗೆ ಈ ತಕ್ಕಡಿ ಮಾರಿದವನು ಅವನೇ. ಹೆಂಡತಿ ಮಾಡಿಕೊಟ್ಟ ಪೆರೋಗಿ ಕಡುಬಿನ ಡಬ್ಬಿ ಹಿಡಿದೇ ನೆಲಮಾಳಿಗೆಗೆ ಇಳಿದು, ನಾನು ತೂಗುವುದನ್ನು ನೋಡುತ್ತ ನಿಂತ.

"ಏನಯ್ಯಾ ಐನಾರ್, ನಿನ್ನ ಸ್ಫಟಿಕದ ಕಲ್ಲು ಯಾವಾಗ್ಲೂ ಎಡಗಡೆ ತಟ್ಟೇಲೇ ಇಡ್ತೀಯಾ?"

"ಹೂಂ."

"ಬಲಗಡೆ ಇಟ್ಟು ನೋಡಿಲ್ವಾ?"

ನಾನು ಬಗ್ಗಿ ತಕ್ಕಡಿಯ ಧೂಳು ಒರೆಸತೊಡಗಿದೆ.

"ಅಲ್ಲಯ್ಯಾ, ಎಪ್ಪತ್ತೊಂಬತ್ತರಲ್ಲಿ ನನ್ನಂಗಡಿಗೆ ಬಂದು, ತಟ್ಟೆ ಅದಲುಬದಲು ಮಾಡಿ, ಗಿರಾಕಿಗಳ ಎದುರಿಗೇ ನನ್ನ ಹಳೇ ತಕ್ಕಡೀಗೆ ನಾಪಾಸು ಅಂತ ಕೆಂಪು ಚೀಟಿ ಅಂಟಿಸಿದ ಪುಣ್ಯಾತ್ಮ ನೀನೇ ತಾನೇ? ಹೇಳೋದು ಆಚಾರ, ತಿನ್ನೋದು ಬದನೇಕಾಯಿ!"

ಮೂವತ್ತೊಂದು ವರ್ಷ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಅದಲುಬದಲು ಮಾಡದೆ ಯಾವ ಅಂಗಡಿಯ ತಕ್ಕಡಿಯನ್ನೂ ಪಾಸು ಮಾಡಿದವನಲ್ಲ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹೆಚ್ಚಿನ ಭಾರ ಸಾಮಾನಿನದೋ ತಕ್ಕಡಿಯದೋ ಅಷ್ಟರಲ್ಲೇ ಗೊತ್ತಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಮನೆಯಲ್ಲಿ ಮಾತ್ರ ಹನ್ನೊಂದು ವರ್ಷ ಕೈ ಬರಲಿಲ್ಲ. ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಹೆದರಿದ್ದೆ.

ಓರೆಸ್ಟ್‌ನ ಎದುರಿಗೇ ಬದಲಿಸಿದೆ. ಬಲಗಡೆಯಲ್ಲಿ ಕಲ್ಲು ಮೂರು ಮಿಲಿಗ್ರಾಂ ಕಡಿಮೆ ತೂಗಿತು. ತಕ್ಕಡಿಯ ಎಡತೋಳು ಒಂದು ಕೂದಲೆಳೆ ಉದ್ದ, ಅಷ್ಟೇ ಸಮಾಚಾರ. ಹ್ಯಾಲಿಫ್ಯಾಕ್ಸಿನ ಹೋಳಿನ ಗೊಡವೆ ಈ ಹೋಳಿಗೆ ಇರಲೇ ಇಲ್ಲ. ಓರೆಸ್ಟ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನಡಿಯಯ್ಯಾ ಮೇಲಕ್ಕೆ, ಪೆರೋಗಿ ಆರಿಹೋಗ್ತದೆ" ಎಂದ. ಹೋಗಿ ತಿಂದೆವು.

ಈವರೆಗೆ ಪ್ರಬಂಧ ಕಳಿಸಿದ್ದ ಇನ್ನೂರ ಹನ್ನೆರಡು ಮಂದಿಗೂ ಒಂದೊಂದು ಕಾರ್ಡು ಬರೆದೆ: "ನನ್ನ ತಕ್ಕಡಿ ಸರಿಯಿರಲಿಲ್ಲ. ನನ್ನ ಪ್ರಬಂಧವನ್ನು ದಯವಿಟ್ಟು ಎಸೆದುಬಿಡಿ."

ಅಮ್ಮ ಸ್ಟಾಂಪು ಅಂಟಿಸಿಕೊಡುತ್ತಾ, "ಅವ್ರು ಆಗ್ಲೇ ಎಸೆದಿರ್ತಾರೆ ಕಣ್ರೀ" ಎಂದಳು. ಆಮೇಲೆ ನನ್ನ ಮುಖ ನೋಡಿ, "ನಂಗೆ ಮಾತ್ರ ನಿಮ್ಮ ಕಲ್ಲಿನ ಕಥೆ ಇಷ್ಟ ಆಗಿತ್ತು" ಎಂದಳು. ನಲವತ್ತಾರು ವರ್ಷದ ಸಂಸಾರದಲ್ಲಿ ಇದನ್ನು ಈಗ ಹೇಳುತ್ತಾಳೆ.

ಪ್ರಬಂಧಕ್ಕೆ ಹನ್ನೊಂದು ವರ್ಷ ಯಾರೂ ಉತ್ತರಿಸಿರಲಿಲ್ಲ. ಕಾರ್ಡಿಗೆ ಒಬ್ಬರು ಉತ್ತರಿಸಿದ್ದಾರೆ, ಅದೂ ನಿಮ್ಮ ವಿಭಾಗದವರೇ. ತಪ್ಪನ್ನು ಹೀಗೆ ಒಪ್ಪಿಕೊಳ್ಳುವವರು ತಮ್ಮಲ್ಲೂ ಅಪರೂಪ ಎಂದು ಬರೆದಿದ್ದಾರೆ. ನಾನು ನಿನ್ನ ತಂದೆಯೆಂದು ಅವರಿಗೆ ಗೊತ್ತಿಲ್ಲ. ಹೇಳುವುದೂ ಇಲ್ಲ, ಹೆದರಬೇಡ.

ಅಮ್ಮ ಟರ್ಕಿ ಕೋಳಿಗೆ ಹೇಳಿಟ್ಟಿದ್ದಾಳೆ, ದೊಡ್ಡದೇ ಬೇಕೆಂದಿದ್ದಾಳೆ. ಬಂದರೆ ಭೌತವಿಜ್ಞಾನದ ಮಾತನ್ನು ನಾನಾಗಿ ಎತ್ತುವುದಿಲ್ಲ; ಹವಾಮಾನ, ಹಾಕಿ ಆಟ, ಅಮ್ಮನ ಮಂಡಿ, ಇಷ್ಟೇ. ನೀನು ಗಟ್ಟಿಯಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು, ಹಿಡಿದ ಕೆಲಸ ನಿನ್ನ ಕೈಹಿಡಿಯಲಿ.

ಇಂತಿ ನಿನ್ನ
ಅಪ್ಪ

ಮರೆತಿದ್ದೆ: ಇನ್ನೊಂದು ಮಾತು ಇದೆ. ಮರೆತಿರಲಿಲ್ಲ, ಮೇಲೆ ಬರೆಯಲಾಗಲಿಲ್ಲ. ಎರಡು ವರ್ಷದ ಹಿಂದೆ, ಆ ದಿನ ಟೊರಾಂಟೊದಲ್ಲಿ ನಿಮ್ಮ ವಿಭಾಗದ ಉಪನ್ಯಾಸಕ್ಕೆ ಹೇಳದೆ ಕೇಳದೆ ಬಂದು, ಎದ್ದು ನಿಂತು ನನ್ನ ಹೆಣಿಕೆಯ ಪ್ರಶ್ನೆ ಕೇಳಿದೆ. ಜನ ನಕ್ಕರು, ಅದೇನೂ ದೊಡ್ಡದಲ್ಲ. ಅಧ್ಯಕ್ಷರು, "ತಾವು ಯಾರ ಕಡೆಯೋರು?" ಎಂದು ಕೇಳಿದರು. ನೀನು ನನಗಿಂತ ನಾಲ್ಕು ಸಾಲು ಮುಂದೆ ಕೂತಿದ್ದೆ. "ಯಾರ ಕಡೆಯೋನೂ ಅಲ್ಲ, ಇಲ್ಲಿ ನಂಗೆ ಯಾರೂ ಗೊತ್ತಿಲ್ಲ" ಎಂದೆ. ನಿನಗೋಸ್ಕರವೇ ಹಾಗೆಂದದ್ದು. ನೀನು ತಿರುಗಿ ನೋಡಲಿಲ್ಲ ಎಂದು ಸಿಟ್ಟಿಲ್ಲ, ಆಣೆಯಾಗಿಯೂ ಇಲ್ಲ. ಆದರೆ ನಾನು ಹಾಗೆಂದ ಕೂಡಲೇ, ಅಲ್ಲಿಯವರೆಗೆ ಬಿಗಿದಿದ್ದ ನಿನ್ನ ಹೆಗಲು ಹಗುರಾಗಿ ಇಳಿಯಿತು. ನಾನು ಹಿಂದಿನಿಂದ ನೋಡಿದೆ, ಸಿಗ್ರಿಡ್.