ಎಡಗೈಗೆ ಒಂದು ಏಳಡಿ ರಾಡ್

೬ ಫೆಬ್ರವರಿ ೨೦೧೧, ಭಾನುವಾರ

ಚಹಾ ಆಯಿತು. ಪತ್ರದ ಕರಡು, ಮೂರನೆಯ ಸಲ —

ಪ್ರಿಯ ಮುರಾರಿ, ಹೇಗಿದ್ದೀ? ಸುಂದರಿಯ ಮಂಡಿನೋವು ಚಳಿಗೆ ಜಾಸ್ತಿಯಾಗಿಲ್ಲ ತಾನೆ? ಮಗಳು ಅಶ್ಮಿತಾಳ ಕೆಮ್ಮು ಹೋಯಿತೇ? ನಾನು ಡೊಂಬಿವ್ಲಿಯಲ್ಲಿ ಸೌಖ್ಯ. ನಿನ್ನ ಕೈ...

ಪೆನ್ನು ಇಲ್ಲಿಗೆ ನಿಂತಿತು. ತಮ್ಮನ ಕೈ ಹೇಗಿದೆ ಎಂದು ಕೇಳುವುದು ಹೇಗೆ? ದೀಪಾವಳಿಯ ಮರುದಿನ ಸ್ಟ್ರೋಕ್. ಬಲಗೈ ಏಳುವುದಿಲ್ಲ, ಮಾತು ತೊದಲು. ಅಂದಿನಿಂದ ನನಗೆ ಒಂದು ಮಾತಿಲ್ಲ, ಒಂದು ಸಾಲಿಲ್ಲ.

ಸಂಜೆ ೫

ಫೋನ್ ಮಾಡಿದೆ. ಎತ್ತಿದ್ದು ಅವನ ಹೆಂಡತಿ ಸುಂದರಿ.

"ಭಾವ, ಫೋನ್ ಅಂದ್ರೆ ಗೋಡೆಗೆ ಮುಖ ಮಾಡ್ತಾರೆ ಮಾರಾಯ್ರೆ. ತೊದಲುವುದು ಅಣ್ಣನಿಗೆ ಕೇಳ್ಬಾರ್ದಂತೆ. ಮೊನ್ನೆ ಆ ಮೀನು ಹಿಡಿಯುವ ರಾಡನ್ನೂ ಯಾರಿಗೋ ಕೊಟ್ಟುಬಿಟ್ರು."

ರಾಡನ್ನು ಕೊಟ್ಟುಬಿಟ್ಟನೇ!

ಹಿಮಾಚಲದ ಗೆಸ್ಟ್‌ಹೌಸಿನಲ್ಲಿ ಇಪ್ಪತ್ತು ವರ್ಷದಿಂದ ಅಡುಗೆ ಅವನದು. ಮಾರ್ಚಿನಲ್ಲಿ ಟ್ರೌಟ್ ಮೀನು ಹಿಡಿಯಲು ಬಿಡುತ್ತಾರೆ. ಆಗ ಕರೆ ಬರುತ್ತಿತ್ತು — "ಅಣ್ಣ, ಹೊರಡು." ತೊರೆಯ ಬದಿಯ ಕಲ್ಲಿನ ಮೇಲೆ ನಾನು, ಚಹಾದ ಫ್ಲಾಸ್ಕು. ಮೊಣಕಾಲುದ್ದ ನೀರಿನಲ್ಲಿ ಅವನು. ಹತ್ತು ದಿನ. ವರ್ಷದ ಉಳಿದ ದಿನಗಳಿಗೆ ಅಷ್ಟೇ ನನ್ನ ಬುತ್ತಿ.

೧೨ ಫೆಬ್ರವರಿ

ಠಾಣೆ ಪೇಟೆಯ ಗಾಳದ ಅಂಗಡಿ, ಮುರಾರಿಗೆ ಹೊಸ ರಾಡ್ ಕೊಳ್ಳಲು. ಎರಡು ರಾಡ್ ಇದ್ದವು. ಒಂಬತ್ತಡಿಯದು, ಐದನೇ ನಂಬರಿನ ಲೈನಿಗೆ, ಎಂದರೆ ದಪ್ಪ ದಾರಕ್ಕೆ. ಏಳಡಿಯದು, ಮೂರನೇ ನಂಬರಿನ ಹಗುರ ದಾರಕ್ಕೆ — ಅಗರಬತ್ತಿಯಂತೆ ಸಪೂರ. ಊರಿನ ಹೊಳೆಯಲ್ಲಿ ದಪ್ಪ ಬಿದಿರು ಹಿಡಿದು ಬೆಳೆದವ ನಾನು. ಕಣ್ಣು ದೊಡ್ಡದರ ಮೇಲೇ ಹೋಯಿತು. ಅಂಗಡಿಯವರು ನಕ್ಕು, ನೋಡಿ ಒಂದನ್ನು ಮರಳಿಸಿದರಾಯಿತೆಂದು ಎರಡನ್ನೂ ಕಟ್ಟಿಕೊಟ್ಟರು. "ಘರ್ ಪೇ ಟ್ರೈ ಕರೋ ಅಂಕಲ್, ಏಕ್ ವಾಪಸ್ ಲಾವ್."

ಲೋಕಲ್ ರೈಲಿನಲ್ಲಿ ಪಕ್ಕದವನು ಉದ್ದದ ಡಬ್ಬಿ ನೋಡಿ, "ಕಾಕಾ, ಬಾಸರಿ ಆಹೇ ಕಾ?" ಎಂದ. ಕೊಳಲೇ ಎಂದು. ಹೌದೆಂದೆ. ನಾಲ್ಕು ದಿನದಲ್ಲಿ ಮನುಷ್ಯರೊಡನೆ ಆಡಿದ ಮಾತು ಅಂಗಡಿಯದೂ ಇದೂ ಅಷ್ಟೇ.

೧೩ ಫೆಬ್ರವರಿ

ಟೆರೇಸಿನಲ್ಲಿ ಗುರಿಗೆಂದು ಸೀಮೆಸುಣ್ಣದ ವೃತ್ತ. ಗಾಳದ ಬದಲು ಉಣ್ಣೆಯ ಎಳೆ. ಒಂಬತ್ತಡಿಯದನ್ನು ಬಲವಾಗಿ ಬೀಸಿದೆ. ಲೈನ್ ನನ್ನ ತಲೆಗೇ ಸುತ್ತಿಕೊಂಡಿತು. ಹಿಂದೆಯೇ ನಮ್ಮ ಕಟ್ಟಡದ ಸೊಸೈಟಿ ಸೆಕ್ರೆಟರಿ ಬಸಲಿಂಗಪ್ಪ, ವಿಜಾಪುರದವರು.

"ಏನ್ರೀ ಪ್ರೇಮನಾಥರ, ನೀರಿನ ಟಾಕ್ಯಾಗ ಮೀನ ಬಿಟ್ಟೀರೇನು? ಮುಂಜಾನೆದ್ದು ಅದ ನೀರಾಗ ನಾ ಪೂಜಾ ಮಾಡ್ತೀನ್ರಿ!"

ವಿಷಯ ಹೇಳಿದೆ. ತಲೆಗೆ ಸುತ್ತಿದ ಲೈನ್ ಬಿಡಿಸಿಕೊಟ್ಟರು. ಆಮೇಲೆ, "ತಮ್ಮಗ ಬಲಗೈ ಇಲ್ಲಂತೀರಿ, ನೀವು ಬಲಗೈಲೇ ನೋಡಾಕತ್ತೀರಲ್ಲ?"

ಹೌದಲ್ಲ!

೧೬ ಫೆಬ್ರವರಿ

ಬಲಗೈ ಪ್ಯಾಂಟಿನ ಜೇಬಿನೊಳಗೆ. ಎಡಗೈಯಲ್ಲಿ ಒಂಬತ್ತಡಿಯದು ಹತ್ತು ನಿಮಿಷಕ್ಕೆ ಮಣಿಕಟ್ಟು ನೋಯಿಸಿತು. ಏಳಡಿಯದು ಹಾಗಲ್ಲ. ಎಡಗೈಗೆ ಬಲವಿಲ್ಲ, ಆದ್ದರಿಂದ ಆತುರವೂ ಇಲ್ಲ. ಲೈನ್ ಹಿಂದೆ ಪೂರ್ತಿ ಚಾಚುವ ತನಕ ಕಾಯುತ್ತದೆ. ಮುಂದಕ್ಕೆ ಸ್ವಲ್ಪ ತೂಗಿದರೆ ಸಾಕು, ರಾಡೇ ಒಯ್ದು ಇಡುತ್ತದೆ. ಅವನ ತೊರೆಗೆ ಇಪ್ಪತ್ತಡಿ ದೂರ ಎಸೆದರೆ ಧಾರಾಳ. ಏಳನೇ ಸಲ ಎಳೆ ವೃತ್ತದೊಳಗೆ ಬಿತ್ತು.

ತಿರುಗಿ ನೋಡಿದೆ. ಟೆರೇಸಿನಲ್ಲಿ ಯಾರೂ ಇರಲಿಲ್ಲ.

೩ ಮಾರ್ಚ್

ಹದಿನೈದು ದಿನ ಬರೆಯಲಿಲ್ಲ. ಬಲಗೈಗೆ ರಜೆ ಕೊಟ್ಟಿದ್ದೆ. ಶರ್ಟಿನ ಗುಂಡಿಗೆ ಕಾಲುಗಂಟೆ. ಕ್ಷೌರದಲ್ಲಿ ಎರಡು ಗಾಯ. ಎಡಗೈಯಲ್ಲಿ ಅನ್ನ ಕಲಸಲು ಮನಸ್ಸು ಒಪ್ಪಲಿಲ್ಲ — ಚಮಚ ಹಿಡಿದೆ, ಹೋಟೆಲಿಗೆ ಬಂದ ಹೊರಗಿನವನಂತೆ. ಗೋಡೆಗೆ ಏಕೆ ಮುಖ ಮಾಡುತ್ತಾನೆಂದು ಈಗ ಸ್ವಲ್ಪ ತಿಳಿಯಿತು.

ಒಂಬತ್ತಡಿಯದು ಅಂಗಡಿಗೆ ಮರಳಿತು. ಏಳಡಿಯದು ನಾಳೆ ಪಾರ್ಸೆಲ್. ಜೊತೆಗಿಡುವ ಪತ್ರ —

ಮುರಾರಿ, ಇದು ಮಕ್ಕಳಾಟದ ರಾಡಲ್ಲ. ಬಲಗೈ ಜೇಬಿನಲ್ಲಿಟ್ಟು ಎಸೆದು ನೋಡಿಯೇ ಆರಿಸಿದ್ದೇನೆ. ಸೀಸನ್ ಶುರುವಾಯಿತಲ್ಲ, ನನ್ನ ಕಲ್ಲು ಖಾಲಿಯಿದೆಯೇ? ಮಾತಾಡದಿದ್ದರೂ ನನಗೇನೂ ಬೇಸರವಿಲ್ಲ. ನೀರಿನ ಸದ್ದು ಸಾಕು. 'ಹೊರಡು' ಎಂದು ಒಂದೇ ಶಬ್ದ ಬರೆ. ಅಕ್ಷರ ಸೊಟ್ಟಗಾದರೆ ಆಗಲಿ. ನನ್ನದು ನೋಡು, ಪುಟಕ್ಕೆ ಎಂಟೇ ಸಾಲು, ಒಂದೂ ನೆಟ್ಟಗಿಲ್ಲ. ಎಡಗೈಯಲ್ಲೇ ಬರೆದದ್ದು. ನೀನೂ ಬೇಗ ಬರೆ. — ಅಣ್ಣ