ಎರಡನೇ ಫೋಟೊ

ಆದೋನಿ, ಆಸ್ಪತ್ರೆಯ ವರಾಂಡ
ಮೇ ೧೪, ಬುಧವಾರ

ಫೋನ್ ಎತ್ತದ ಯಜಮಾನರಿಗೆ ರಾಣಿಯ ನಮಸ್ಕಾರ.

ನಿಮ್ಮ ಅವ್ವ ಈಗ ಮಾತಾಡುತ್ತಿದ್ದಾಳೆ. ಮೊದಲು ಅದನ್ನು ಓದಿ ಉಸಿರು ಬಿಡಿ, ಬೈಗುಳ ಆಮೇಲೆ ಓದಿರಂತೆ. ಎರಡು ದಿನದಿಂದ ನೀವು ಕರೆ ಎತ್ತಿಲ್ಲವಾದ್ದರಿಂದ ಹೊಳಗುಂದದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಒಂದೇ ಮನೆಯಲ್ಲಿ ಇಬ್ಬರು ಸರ್ಕಾರದ ಕೆಲಸ ಮಾಡಿ ಏನು ಬಂತು? ಸೋಮವಾರ ಬೆಳಿಗ್ಗೆ ಆರಕ್ಕೆ ನನ್ನ ಫೋನಿಗೆ ಮೆಸೇಜು: ನಲವತ್ನಾಲ್ಕು ಡಿಗ್ರಿ, ಹತ್ತರ ಮೇಲೆ ಯಾರೂ ಬಯಲಲ್ಲಿ ಇರಬಾರದು. ಆಶಾ ಕಾರ್ಯಕರ್ತೆ ನಾನು, ಮನೆಮನೆಗೆ ಹೋಗಿ ಹೇಳಿದೆ. ಉಪಾಧಿ ಕೂಲಿಯವರ, ಅಂದರೆ ಉದ್ಯೋಗ ಖಾತ್ರಿಯವರ, ಹಾಜರಿ ಹಾಕುವ ಮೇಟ್ ನೀವು, ನಿಮಗೆ ಬಿಸಿಲಿನ ಸುದ್ದಿಯೇ ಬರುವುದಿಲ್ಲ. ಹಾಜರಿಗೆ ದಿನಕ್ಕೆ ಎರಡು ಫೋಟೊ, ನಡುವೆ ನಾಲ್ಕು ತಾಸು, ಇಲ್ಲದಿದ್ದರೆ ಕೂಲಿ ಇಲ್ಲ. ಹಾಸಿಗೆ ಬಿಟ್ಟೆದ್ದು ಎಂಟಕ್ಕೆ ಮೊದಲ ಫೋಟೊ ತೆಗೆದರೆ ಎರಡನೆಯದು ಹನ್ನೆರಡಕ್ಕಲ್ಲದೆ ಇನ್ಯಾವಾಗ? ಹತ್ತಕ್ಕೇ ಗುಂಡಿ ತೋಡಿ ಮುಗಿಸಿದ ಹೆಂಗಸರು ಮುಖ ತೋರಿಸಲೆಂದು ಕೆರೆ ಏರಿಯ ಮೇಲೆ ಕೂತೇ ಇದ್ದರು, ಅವರ ನಡುವೆ ನಿಮ್ಮ ಅವ್ವನೂ.

ನಾನು ಬಂದು ಇವರನ್ನು ಮನೆಗೆ ಬಿಡಿ ಎಂದರೆ, ‘ನಿನ್ನ ಮೆಸೇಜು ನಿನ್ ಹತ್ರ ಇಟ್ಕೊ, ನಮ್ ಸಾರ್ ಹೇಳಿದ್ರ ಬಿಡ್ತೀನಿ’ ಎಂದಿರಿ. ‘ಅವ್ವನ ಒಬ್ಬಾಕಿನ್ನ ಬಿಟ್ರ ಮಂದಿ ಏನಂತಾರ’ ಎಂದೂ ಸೇರಿಸಿದಿರಿ. ಮಂದಿ ಏನೂ ಅನ್ನಲಿಲ್ಲ, ಬಿಸಿಲಿಗೆ ಬಿದ್ದ ಅವ್ವನನ್ನು ಎತ್ತಿ ಆಟೊಗೆ ಹಾಕಿದರು. ನೀವು ಫೋಟೊ ತೆಗೆಯಲು ನಿಂತಿರಿ. ಸಾಕಾಗಿ ಹೋಗಿದೆ ನನಗೆ.

ಇನ್ನು ನನ್ನ ತಪ್ಪು. ಮೇಲಿನವರಿಗೆ ಕೊಡುವ ವರದಿಯಲ್ಲಿ ಅವ್ವನ ಕಾಯಿಲೆಯ ಕಾರಣ ‘ಗ್ಯಾಸ್ಟ್ರಿಕ್’ ಎಂದು ಬರೆದೆ. ಬಿಸಿಲು ಎಂದರೆ ಬಿಸಿಲಲ್ಲಿ ಕೂರಿಸಿದವರು ಯಾರೆಂದು ಕೇಳುತ್ತಾರೆ, ನಿಮ್ಮ ಕೆಲಸ ಹೋಗುತ್ತದೆ ಎಂಬ ಭಯ. ನಿನ್ನೆ ಮೇಲಿನವರು ಫೋನ್ ಮಾಡಿ, ನಿಮ್ಮೂರಲ್ಲಿ ಬಿಸಿಲಿಗೆ ಬಿದ್ದವರು ಸೊನ್ನೆ, ಅಲ್ಲಿನ ಕೂಲಿಯವರಿಗೆ ನೆರಳಿನ ಚಪ್ಪರ ಯಾಕೆ ಎಂದರು. ಆ ಸೊನ್ನೆ ನಾನೇ ಬರೆದದ್ದು.

ನಾಳೆಯಿಂದ ಐದೂವರೆಗೆ ಮೊದಲ ಫೋಟೊ ತೆಗೆದು ಒಂಬತ್ತೂವರೆಗೆ ಎಲ್ಲರನ್ನೂ ಮನೆಗೆ ಕಳಿಸಿ. ಊರಿಗೆ ಬಂದ ಮೇಲೆ ಎಬ್ಬಿಸುವ ಕೆಲಸ ನನ್ನದು.

ಸಿಟ್ಟು ಇನ್ನೂ ಇಳಿಯದ,
ರಾಣಿ

ತಾ.ಕ.: ವರದಿ ತಿದ್ದಿ ಕೊಟ್ಟಿದ್ದೇನೆ, ‘ಬಿಸಿಲಿನ ಹೊಡೆತ’ ಎಂದು. ನಿಮ್ಮನ್ನು ವಿಚಾರಿಸಲು ಬರುತ್ತಾರೆ. ಪೆನ್ನು ಹಿಡಿದು ಅಳುತ್ತಾ ಕೂತಿದ್ದ ನನಗೆ ನಿಮ್ಮ ಅವ್ವನೇ, ‘ಬರಿಯವ್ವ, ನನ್ ಮಗ ಬಿಸಿಲಾಗ ಕೂಡಿಸಿದ್ದ ಅಂತ ಬರಿ. ನಾಳಿ ನನ್ ಜೋಡಿ ಗುಂಡಿ ತೋಡೊ ಆ ಪಕೀರಮ್ಮ ಬಿದ್ರ ಆಕಿಗೆ ಯಾರದಾರ?’ ಎಂದಳು. ಸಾಕ್ಷಿಯ ಜಾಗದಲ್ಲಿರುವ ಹೆಬ್ಬೆಟ್ಟು ಆಕೆಯದು.